ಮದುವೆಯ ಡಿವಿಡಿ, ಹಳೇ ಫೋನಿನ ವಿಡಿಯೊ: ಬದಲಿಸುವ ಮೊದಲು ಡಬ್ಬಿಯೊಳಗೆ ಏನಿದೆ ನೋಡಿ

ಪ್ರಶ್ನೆ: ನಮ್ಮ ಮದುವೆ ಆಗಿದ್ದು 2005ರಲ್ಲಿ. ಅದರ ಎರಡು ಡಿವಿಡಿ ಇವೆ. ಮಗಳು ಚಿಕ್ಕವಳಿದ್ದಾಗ ಹಳೇ ಮೊಬೈಲಿನಲ್ಲಿ ತೆಗೆದ 3ಜಿಪಿ ಫೈಲುಗಳಿವೆ. ಈಗಿನ ಫೋನಿನ ವಿಡಿಯೊಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಶಬ್ದ ಬರುತ್ತದೆ, ಚಿತ್ರ ಬರುವುದಿಲ್ಲ. ಎಲ್ಲವನ್ನೂ ಎಂಪಿ4 ಮಾಡಿಬಿಡಿ ಎಂದು ಪರಿಚಯದವರು ಹೇಳಿದರು. ಫೈಲಿನ ಹೆಸರಿನ ಕೊನೆಗೆ ಎಂಪಿ4 ಎಂದು ಬದಲಿಸಿ ನೋಡಿದೆ, ಏನೂ ಆಗಲಿಲ್ಲ. ಒಂದು ಉಚಿತ ಕನ್ವರ್ಟರ್ ಹಾಕಿದೆ, ಚಿತ್ರದ ನಡುವೆ ಅದರ ಹೆಸರೇ ದೊಡ್ಡದಾಗಿ ಬರುತ್ತದೆ. ಮನೆಯ ಕಂಪ್ಯೂಟರಿನಲ್ಲೇ ಇದನ್ನು ಸರಿಯಾಗಿ ಮಾಡುವುದು ಹೇಗೆ? ಮಾಡಿದ ಮೇಲೆ ಡಿವಿಡಿ ಎಸೆಯಬಹುದಾ? ಓದಲು ಜರ್ಮನಿಗೆ ಹೋಗಿರುವ ಮಗಳಿಗೂ ಕಳಿಸಬೇಕು.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯ ಹಿಂದಿನ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಡಿವಿಡಿ ಎಸೆಯಬೇಡಿ. ಇವತ್ತಲ್ಲ, ಬದಲಿಸಿದ ಮೇಲೂ ಅಲ್ಲ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. 2007ರಲ್ಲಿ ನಾನು ಅಕ್ಕನ ಮದುವೆಯ ಡಿವಿಡಿಯನ್ನು ಕುಗ್ಗಿಸಿ ಒಂದು 700 ಎಂಬಿ ಸಿಡಿಗೆ ತುಂಬಿಸಿದ್ದೆ. ಆಗ ಹಾರ್ಡ್ ಡಿಸ್ಕ್ ಚಿಕ್ಕದು, ಜಾಗ ಉಳಿಸುವುದೇ ದೊಡ್ಡ ಕೆಲಸ ಅನ್ನಿಸಿತ್ತು. ಎರಡು ಗಂಟೆಯ ವಿಡಿಯೊ 700 ಎಂಬಿಯಲ್ಲಿ ಕೂರಬೇಕು ಅಂದರೆ ಚಿತ್ರ, ಶಬ್ದ ಎರಡಕ್ಕೂ ಸೇರಿ ಸೆಕೆಂಡಿಗೆ 0.78 ಮೆಗಾಬಿಟ್ ಮಾತ್ರ ಸಿಗುತ್ತದೆ. ತುಂಬಿದ ಡಿವಿಡಿಯಲ್ಲಿ ಅದೇ ಎರಡು ಗಂಟೆಗೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಇರುತ್ತದೆ. ಆಗಿನ ಸಣ್ಣ ಟಿವಿಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಮೂಲ ಡಿಸ್ಕ್ ಮನೆ ಬದಲಾಯಿಸುವಾಗ ಹೋಯಿತು. ಅರಿಸಿನ ಶಾಸ್ತ್ರದಲ್ಲಿ ನಮ್ಮಜ್ಜಿ ಸೋಬಾನೆ ಹೇಳುವ ಎರಡು ನಿಮಿಷ ಅದರಲ್ಲಿದೆ. ಇವತ್ತು ದೊಡ್ಡ ಟಿವಿಯಲ್ಲಿ ಹಾಕಿದರೆ ಅಜ್ಜಿಯ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ದನಿ ಕೊಳವೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅಜ್ಜಿ ಈಗಿಲ್ಲ. ಯಾವ ಸಾಫ್ಟ್‌ವೇರ್ ಹಾಕಿದರೂ ಹೋದ ವಿವರ ವಾಪಸ್ ಬರುವುದಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಈ ಉತ್ತರ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ಹೆಸರು ಬದಲಿಸಿದರೂ ಏಕೆ ಕೆಲಸ ಆಗಲಿಲ್ಲ ಎಂಬುದಕ್ಕೆ ಬರೋಣ.

ವಿಡಿಯೊ ಫೈಲ್ ಅಂದರೆ ಒಂದು ಡಬ್ಬಿ. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ ಇರುತ್ತದೆ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ-ದಾರ ಇರುತ್ತದೆ. ಹೊರಗಿನ ಚೀಟಿ ನೋಡಿ ಒಳಗೆ ಏನಿದೆ ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಎಂಪಿ4, ಎಂಕೆವಿ, ಎಂಒವಿ, ಎವಿಐ, ವಿಒಬಿ, 3ಜಿಪಿ ಇವೆಲ್ಲ ಡಬ್ಬಿಗಳ ಹೆಸರು. ಒಳಗೆ ಚಿತ್ರದ ಪೊಟ್ಟಣ ಬೇರೆ, ಶಬ್ದದ ಪೊಟ್ಟಣ ಬೇರೆ ಇರುತ್ತವೆ. ಆ ಪೊಟ್ಟಣ ಕಟ್ಟುವ ರೀತಿಗೆ ಕೋಡೆಕ್ ಎನ್ನುತ್ತಾರೆ. ಡಿವಿಡಿಯ ಚಿತ್ರದ ಕೋಡೆಕ್ ಎಂಪೆಗ್-2. 2003ರಲ್ಲಿ ಎಚ್.264 ಬಂತು. ಇವತ್ತು ಹೆಚ್ಚುಕಡಿಮೆ ಎಲ್ಲ ಟಿವಿ, ಫೋನು, ಕಂಪ್ಯೂಟರಿಗೂ ಅರ್ಥವಾಗುವುದು ಇದೇ. 2013ರಲ್ಲಿ ಎಚ್.265 ಬಂತು, ಇದನ್ನೇ ಎಚ್‌ಇವಿಸಿ ಎಂದೂ ಕರೆಯುತ್ತಾರೆ. ಅದೇ ಗುಣಮಟ್ಟವನ್ನು ಸುಮಾರು ಅರ್ಧ ಜಾಗದಲ್ಲಿ ಕೂರಿಸುತ್ತದೆ, ಆದರೆ ಹಳೇ ಟಿವಿಗಳಿಗೆ ಅದರ ಭಾಷೆ ಗೊತ್ತಿಲ್ಲ. 2018ರ ಎವಿ1 ಇನ್ನೂ ಹೊಸದು, ನಿಮ್ಮ ಮನೆ ಕೆಲಸಕ್ಕೆ ಸದ್ಯ ಅದರ ಗೊಡವೆ ಬೇಡ.

ನೀವು ಫೈಲಿನ ಹೆಸರು ಬದಲಿಸಿದಾಗ ಡಬ್ಬಿಯ ಮೇಲಿನ ಚೀಟಿ ಬದಲಾಯಿತು, ಅಷ್ಟೇ. ಡಬ್ಬಿಯೂ ಅದೇ, ಪೊಟ್ಟಣವೂ ಅದೇ.

ಹಾಗಾಗಿ ಕೆಲಸ ಎರಡು ಥರ. ಒಂದು, ಪೊಟ್ಟಣ ಬಿಚ್ಚದೆ ಹಾಗೇ ಎತ್ತಿ ಬೇರೆ ಡಬ್ಬಿಗೆ ಇಡುವುದು. ಇದಕ್ಕೆ ರೀಮಕ್ಸ್ ಎನ್ನುತ್ತಾರೆ. ಒಂದೆರಡು ನಿಮಿಷದ ಕೆಲಸ, ಗುಣಮಟ್ಟ ಒಂದು ಚೂರೂ ಕಡಿಮೆ ಆಗುವುದಿಲ್ಲ. ಇನ್ನೊಂದು, ಪೊಟ್ಟಣ ಬಿಚ್ಚಿ, ಪ್ರತಿ ಚಿತ್ರವನ್ನೂ ಹೊರತೆಗೆದು, ಬೇರೆ ರೀತಿಯಲ್ಲಿ ಮತ್ತೆ ಕಟ್ಟುವುದು. ಇದು ಎನ್‌ಕೋಡ್. ಗಂಟೆಗಟ್ಟಲೆ ಹಿಡಿಯಬಹುದು, ಪ್ರತಿ ಸಲವೂ ಏನೋ ಸ್ವಲ್ಪ ಹೋಗುತ್ತದೆ. ಏಕೆ ಹೋಗುತ್ತದೆ ಅಂದರೆ, ಡಿವಿಡಿ ಗಾತ್ರದ ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಒಂದು ಗಂಟೆಗೇ ಸುಮಾರು 56 ಜಿಬಿ ಬೇಕು. ಅದನ್ನು ಎರಡು-ಮೂರು ಜಿಬಿಗೆ ಇಳಿಸಲು ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೋಡೆಕ್ ಬಿಟ್ಟುಬಿಡುತ್ತದೆ. ಬಿಟ್ಟದ್ದನ್ನು ಬಿಟ್ಟು ಉಳಿದದ್ದರಲ್ಲಿ ಮತ್ತೊಮ್ಮೆ ಬಿಟ್ಟರೆ? ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಆಗುತ್ತದೆ.

ಎಲ್ಲವನ್ನೂ ಎಂಪಿ4 ಮಾಡಿಬಿಡಿ ಎಂಬ ಸಲಹೆ ನನಗೆ ಒಪ್ಪಿಗೆ ಆಗದಿರುವುದು ಇದಕ್ಕೇ. ಮೊದಲು ಏನಿದೆ ನೋಡಬೇಕು. ಬಹಳ ಸಲ ಎನ್‌ಕೋಡ್ ಬೇಕೇ ಆಗಿರುವುದಿಲ್ಲ.

ನೋಡುವುದು ಸುಲಭ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ. ಅದು ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ, ಇವತ್ತಿಗೂ ಉಚಿತ, ಜಾಹೀರಾತು ಇಲ್ಲ. ಫೈಲ್ ಓಡಿಸಿ, ಕಂಟ್ರೋಲ್ ಒತ್ತಿಕೊಂಡು ಜೆ ಒತ್ತಿ. ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ವಿಡಿಯೊಗೆ ಒಂದು ಭಾಗ, ಆಡಿಯೊಗೆ ಒಂದು ಭಾಗ ಇರುತ್ತವೆ, ಎರಡರಲ್ಲೂ ಕೋಡೆಕ್ ಎಂಬ ಸಾಲು ಇರುತ್ತದೆ. ನಿಮ್ಮ ಡಿವಿಡಿಗೆ ಅಲ್ಲಿ ಎಂಪೆಗ್-1/2 ವಿಡಿಯೊ ಅಂತ ಬರುತ್ತದೆ, ರೆಸಲ್ಯೂಷನ್ (ಚಿತ್ರದ ಅಳತೆ) 720×576, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 25. ನಮ್ಮಲ್ಲಿ ಪಾಲ್ ಎಂಬ ಟಿವಿ ಪದ್ಧತಿ ಇದ್ದುದರಿಂದ ಮದುವೆ ಡಿವಿಡಿಗಳು ಬಹುತೇಕ ಇದೇ ಅಳತೆಯವು. ಹೊಸ ಫೋನಿನ ಫೈಲಿಗೆ ಎಚ್.265 ಅಥವಾ ಎಚ್‌ಇವಿಸಿ ಅಂತ ಬಂದರೆ ಟಿವಿಯಲ್ಲಿ ಚಿತ್ರ ಬರದಿರಲು ಕಾರಣ ಸಿಕ್ಕಿತು. ಡಬ್ಬಿ ಎಂಪಿ4 ಆಗಿಯೇ ಇದೆ, ಟಿವಿ ಡಬ್ಬಿಯನ್ನು ತೆರೆಯಿತು, ಶಬ್ದದ ಪೊಟ್ಟಣ ಅದಕ್ಕೆ ಅರ್ಥವಾಯಿತು, ಚಿತ್ರದ್ದು ಅರ್ಥವಾಗಲಿಲ್ಲ. ಚಿತ್ರ ಬಂದು ಶಬ್ದ ಬರದಿದ್ದರೆ ಉಲ್ಟಾ. ಆಗ ಆಡಿಯೊ ಸಾಲನ್ನು ನೋಡಬೇಕು, ಅಲ್ಲಿ ಡಿಟಿಎಸ್ ಎಂಬ ಶಬ್ದದ ಕೋಡೆಕ್ ಇದ್ದರೆ ಅದೇ ಕಾರಣ ಇರಬಹುದು.

ಈಗ ಡಿವಿಡಿ. ಇದಕ್ಕೇ ಜಾಸ್ತಿ ಸಮಯ ಕೊಡಿ, ಏಕೆಂದರೆ ಇದು ದಿನದಿನಕ್ಕೂ ಹಳೆಯದಾಗುತ್ತಿದೆ. ಅಂಗಡಿಯಲ್ಲಿ ಸಿನಿಮಾದ ಜೊತೆ ಬರುವ ಡಿಸ್ಕ್ ಅಚ್ಚು ಒತ್ತಿದ್ದು. ಮದುವೆ ವಿಡಿಯೊದವರು ಕೊಡುವುದು ಬರ್ನ್ ಮಾಡಿದ ಡಿಸ್ಕ್. ಅದರೊಳಗೆ ಬಣ್ಣದ ಒಂದು ತೆಳು ಪದರ ಇರುತ್ತದೆ, ಬಿಸಿಲು, ಶಾಖ, ತೇವಕ್ಕೆ ಆ ಬಣ್ಣ ಕೆಡುತ್ತದೆ. ಇಪ್ಪತ್ತು ವರ್ಷ ಆದಮೇಲೆ ಓದುತ್ತಿದ್ದರೆ ನಿಮ್ಮ ಪುಣ್ಯ ಅಂದುಕೊಳ್ಳಿ, ಈ ವಾರವೇ ಕೆಲಸ ಮುಗಿಸಿ. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಡ್ರೈವ್ ಯಾರಿಂದಲಾದರೂ ಎರವಲು ತನ್ನಿ.

ಡಿಸ್ಕ್ ತೆರೆದರೆ ವಿಡಿಯೊ-ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗೆ ವಿಒಬಿ ಎಂದು ಕೊನೆಯಾಗುವ ನಾಲ್ಕೈದು ದೊಡ್ಡ ಫೈಲುಗಳು, ಒಂದೊಂದೂ ಸುಮಾರು 1 ಜಿಬಿ. ಡಿವಿಡಿಯ ನಿಯಮದಲ್ಲಿ ಒಂದು ಫೈಲ್ 1 ಜಿಬಿ ದಾಟುವಂತಿಲ್ಲ, ಹಾಗಾಗಿ ಒಂದೇ ಮದುವೆಯನ್ನು ತುಂಡು ಮಾಡಿ ಇಟ್ಟಿರುತ್ತಾರೆ. ಬಹಳ ಜನ ಇಲ್ಲಿ ತಪ್ಪು ಮಾಡುತ್ತಾರೆ. ಒಂದೊಂದೇ ವಿಒಬಿ ಎತ್ತಿ ಕನ್ವರ್ಟರಿಗೆ ಹಾಕುತ್ತಾರೆ. ಧಾರೆ ನಡೆಯುತ್ತಿರುವಾಗಲೇ ತುಂಡು ಮುಗಿಯುತ್ತದೆ, ಮಂತ್ರ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ತುಂಡಿನಲ್ಲಿ ತುಟಿಗೂ ದನಿಗೂ ತಾಳ ತಪ್ಪುತ್ತದೆ. ಹಾಗೆ ಮಾಡಬೇಡಿ. ಇಡೀ ವಿಡಿಯೊ-ಟಿಎಸ್ ಫೋಲ್ಡರನ್ನು ಹಾಗೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಇದೇ ನಿಮ್ಮ ಮೂಲ ಪ್ರತಿ. ಇದನ್ನು ಯಾವತ್ತೂ ಮುಟ್ಟಬಾರದು.

ಕಾಪಿ ಮಾಡುವಾಗ ಮಧ್ಯೆ ನಿಂತರೆ ಗಾಬರಿ ಬೇಡ. ಡಿಸ್ಕನ್ನು ಮೆತ್ತಗಿನ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ, ಗೀರು ಬಿದ್ದರೆ ಟ್ರ್ಯಾಕಿನ ಉದ್ದಕ್ಕೂ ಬೀಳುತ್ತದೆ, ಅದು ಹೆಚ್ಚು ಹಾನಿ. ಆಮೇಲೂ ಓದದಿದ್ದರೆ ಬೇರೆ ಕಂಪ್ಯೂಟರಿನ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೂಲ ಸಿಕ್ಕಿತು. ಈಗ ಮೇಕ್‌ಎಂಕೆವಿ ಎಂಬ ಸಾಫ್ಟ್‌ವೇರಿನಲ್ಲಿ ಆ ಡಿಸ್ಕ್ ತೆರೆಯಿರಿ. ಡಿವಿಡಿ ಕೆಲಸಕ್ಕೆ ಅದು ಉಚಿತ. ಅದು ಆ ತುಂಡುಗಳನ್ನೆಲ್ಲ ಸರಿಯಾಗಿ ಜೋಡಿಸಿ, ಪೊಟ್ಟಣ ಬಿಚ್ಚದೆ, ಒಂದೇ ಎಂಕೆವಿ ಡಬ್ಬಿಗೆ ಹಾಕಿ ಕೊಡುತ್ತದೆ. ಆ ಎಂಕೆವಿಯನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಯಲ್ಲಿ ಓಡಿಸಿ ನೋಡಿ. ಎಷ್ಟೋ ಟಿವಿಗಳು ಎಂಪೆಗ್-2ವನ್ನು ಆರಾಮಾಗಿ ತೋರಿಸುತ್ತವೆ. ತೋರಿಸಿತು ಅಂದರೆ ನಿಮ್ಮ ಡಿವಿಡಿಯ ಕೆಲಸ ಅಲ್ಲಿಗೇ ಮುಗಿಯಿತು, ಎನ್‌ಕೋಡ್ ಮಾಡುವ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದರೂ ಫೈಲ್ ತುಂಬಾ ದೊಡ್ಡದು ಎಂದು ಕಂಪ್ಯೂಟರ್ ಹೇಳುತ್ತದೆ, ಜನ ತಲೆ ಕೆಡಿಸಿಕೊಳ್ಳುತ್ತಾರೆ. ಪೆನ್‌ಡ್ರೈವ್ ಖಾಲಿ ಮಾಡಿ ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ತೀರಾ ಹಳೇ ಟಿವಿಗೆ ಎಕ್ಸ್‌ಫ್ಯಾಟ್ ಗೊತ್ತಿಲ್ಲದಿದ್ದರೆ ಫೈಲನ್ನೇ 4 ಜಿಬಿಗಿಂತ ಚಿಕ್ಕದು ಮಾಡಬೇಕು.

ಟಿವಿ ಒಪ್ಪಲಿಲ್ಲ, ಅಥವಾ ಮಗಳಿಗೆ ಕಳಿಸಲು ಚಿಕ್ಕ ಫೈಲ್ ಬೇಕು. ಆಗ ಎನ್‌ಕೋಡ್ ಮಾಡೋಣ. ಇದಕ್ಕೆ ನನ್ನ ಆಯ್ಕೆ ಹ್ಯಾಂಡ್‌ಬ್ರೇಕ್. 2003ರಿಂದ ಇದೆ, ಉಚಿತ, ನಿಮ್ಮ ವಿಡಿಯೊ ಮೇಲೆ ತನ್ನ ಹೆಸರು ಬರೆಯುವುದಿಲ್ಲ. ಒಂದು ವಿಷಯ ನೆನಪಿಡಿ: ಹ್ಯಾಂಡ್‌ಬ್ರೇಕ್ ಚಿತ್ರವನ್ನು ಯಾವಾಗಲೂ ಎನ್‌ಕೋಡ್ ಮಾಡುತ್ತದೆ, ಬರೀ ಡಬ್ಬಿ ಬದಲಿಸುವ ಕೆಲಸಕ್ಕೆ ಅದು ಅಲ್ಲ. ಬೀಗ ಹಾಕಿದ ಸಿನಿಮಾ ಡಿಸ್ಕುಗಳನ್ನೂ ಅದು ತೆರೆಯುವುದಿಲ್ಲ. ಮದುವೆ ಡಿಸ್ಕಿಗೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ.

ಹ್ಯಾಂಡ್‌ಬ್ರೇಕ್ ತೆರೆದು ನೀವು ಕಾಪಿ ಮಾಡಿದ ವಿಡಿಯೊ-ಟಿಎಸ್ ಫೋಲ್ಡರನ್ನೇ ಅದಕ್ಕೆ ಕೊಡಿ. ಟೈಟಲ್ ಎಂಬ ಕಡೆ ಉದ್ದವಾದದ್ದನ್ನು ಆರಿಸಿ, ಚಿಕ್ಕವು ಸಾಮಾನ್ಯವಾಗಿ ಮೆನುವಿನ ಚೂರುಗಳು. ಪ್ರಿಸೆಟ್‌ಗಳಲ್ಲಿ, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಸೆಟ್ಟಿಂಗುಗಳಲ್ಲಿ, ಎಚ್‌ಕ್ಯೂ 576ಪಿ25 ಎಂದು ಶುರುವಾಗುವುದನ್ನು ತೆಗೆದುಕೊಳ್ಳಿ. ಫಾರ್ಮ್ಯಾಟ್ ಎಂಪಿ4, ವಿಡಿಯೊ ಎನ್‌ಕೋಡರ್ ಎಚ್.264. ಟಿವಿಗೂ ಸರಿ, ಫೋನಿಗೂ ಸರಿ, ಜರ್ಮನಿಯಲ್ಲಿರುವ ಲ್ಯಾಪ್‌ಟಾಪಿಗೂ ಸರಿ. ಇಲ್ಲಿವರೆಗೆ ಕಷ್ಟ ಇಲ್ಲ. ಕಣ್ಣಿಟ್ಟು ಮಾಡಬೇಕಾದದ್ದು ಮುಂದಿನದು.

ನಿಮ್ಮ ವಿಡಿಯೊದಲ್ಲಿ ಅಂತರಪಟ ಸರಿಸಿ ಗಂಡು-ಹೆಣ್ಣು ಜೀರಿಗೆ ಬೆಲ್ಲ ಹಾಕುವ ಜಾಗಕ್ಕೆ ಹೋಗಿ. ಕೈ ಮೇಲೆ ಎತ್ತಿದ ಆ ಕ್ಷಣಕ್ಕೆ ನಿಲ್ಲಿಸಿ. ಕೈಯ ಅಂಚು, ಬಳೆಯ ಅಂಚು ಬಾಚಣಿಗೆಯ ಹಲ್ಲಿನ ಹಾಗೆ ಅಡ್ಡಡ್ಡ ಗೆರೆಯಾಗಿ ಸೀಳಿರುವುದು ಕಾಣುತ್ತದಾ? ಮುಖ ಅಲ್ಲಾಡದೆ ಇದ್ದರೆ ಮುಖ ಚೆನ್ನಾಗಿಯೇ ಇರುತ್ತದೆ, ಅಲುಗುವ ಕೈ ಮಾತ್ರ ಸೀಳಿರುತ್ತದೆ. ಇದು ಡಿಸ್ಕ್ ಕೆಟ್ಟದ್ದಲ್ಲ. ಆಗಿನ ಕ್ಯಾಮೆರಾಗಳು ಒಂದು ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ. ಮೊದಲು ಬೆಸ ಗೆರೆಗಳು, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದು ಸಮ ಗೆರೆಗಳು. ಆ ಐವತ್ತನೇ ಒಂದು ಭಾಗದಲ್ಲಿ ಕೈ ಮುಂದೆ ಹೋಗಿರುತ್ತದೆ. ಹಳೇ ಡಬ್ಬಾ ಟಿವಿ ಗೆರೆಗಳನ್ನು ಅದೇ ಸರದಿಯಲ್ಲಿ ತೋರಿಸುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಇದಕ್ಕೆ ಇಂಟರ್‌ಲೇಸ್ ಎಂದು ಹೆಸರು.

ಇದನ್ನು ಸರಿಪಡಿಸದೆ ಎನ್‌ಕೋಡ್ ಮಾಡಿದರೆ ಆ ಹಲ್ಲುಗಳು ಚಿತ್ರದಲ್ಲೇ ಅಚ್ಚಾಗಿ ಉಳಿದುಬಿಡುತ್ತವೆ, ಆಮೇಲೆ ತೆಗೆಯಲು ಬಲು ಕಷ್ಟ. ಹ್ಯಾಂಡ್‌ಬ್ರೇಕಿನ ಫಿಲ್ಟರ್ಸ್ ಎಂಬ ಪುಟದಲ್ಲಿ ಡಿಇಂಟರ್‌ಲೇಸ್ ಎಂಬ ಸಾಲಿದೆ. ಅಲ್ಲಿ ಯಾಡಿಫ್ ಅಥವಾ ಬ್ವಾಡಿಫ್ ಆರಿಸಿ. ಪಕ್ಕದಲ್ಲಿ ಬಾಬ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿ, ವಿಡಿಯೊ ಪುಟದಲ್ಲಿ ಫ್ರೇಮ್ ರೇಟ್ 50 ಎಂದು ಇಟ್ಟರೆ ಬೆಸ ಗೆರೆಗಳಿಂದ ಒಂದು ಚಿತ್ರ, ಸಮ ಗೆರೆಗಳಿಂದ ಒಂದು ಚಿತ್ರ ಮಾಡುತ್ತದೆ. ಚಲನೆ ಹಳೇ ಟಿವಿಯಲ್ಲಿ ಕಾಣುತ್ತಿದ್ದ ಹಾಗೇ ನಯವಾಗಿರುತ್ತದೆ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ. ಮದುವೆ ವಿಡಿಯೊಗೆ ನಾನು ಯಾವಾಗಲೂ ಬಾಬ್ ಬಳಸುತ್ತೇನೆ. ಓಲಗದವರ ಕೈ, ಮಕ್ಕಳ ಓಟ, ಅಕ್ಷತೆ ಬೀಳುವುದು ಎಲ್ಲ ಇದರಲ್ಲೇ ಚೆಂದ.

ಗುಣಮಟ್ಟಕ್ಕೆ ಆರ್‌ಎಫ್ ಎಂಬ ಸಂಖ್ಯೆ ಇದೆ. ಸಂಖ್ಯೆ ಕಡಿಮೆ ಆದಷ್ಟೂ ಗುಣ ಜಾಸ್ತಿ, ಫೈಲ್ ದೊಡ್ಡದು. ಸುಮಾರು 6 ಅಂಕ ಇಳಿಸಿದರೆ ಫೈಲ್ ಎರಡರಷ್ಟಾಗುತ್ತದೆ. ಡಿವಿಡಿ ಗಾತ್ರದ ಚಿತ್ರಕ್ಕೆ 18ರಿಂದ 20 ಇಡಿ. ಇಷ್ಟೇ ಎಂಬಿ ಬರಬೇಕು ಎಂದು ಮೊದಲೇ ಕಟ್ಟುಹಾಕಬೇಡಿ, ನಾನು 2007ರಲ್ಲಿ ಮಾಡಿದ ತಪ್ಪು ಅದೇ. ಮುಖ ಚೆನ್ನಾಗಿರಲಿ ಎಂದು ಹೇಳಿ, ಗಾತ್ರವನ್ನು ಸಾಫ್ಟ್‌ವೇರ್‌ಗೆ ಬಿಡಿ. ಆಡಿಯೊ ಕೋಡೆಕ್ ಎಎಸಿ, ಬಿಟ್‌ರೇಟ್ 160 ಅಥವಾ 192. ಶಬ್ದಕ್ಕೆ ಬೇಕಾಗುವ ಜಾಗ ಬಹಳ ಕಡಿಮೆ, ಅಲ್ಲಿ ಜಿಪುಣತನ ಮಾಡಬೇಡಿ. ಹಿರಿಯರ ದನಿ ಅದರಲ್ಲೇ ಇರುವುದು.

ಅಳತೆಯನ್ನು ಮುಟ್ಟಬೇಡಿ. 720×576 ಇರುವುದನ್ನು 1080 ಮಾಡಿದರೆ ಹೊಸ ವಿವರ ಹುಟ್ಟುವುದಿಲ್ಲ, ಸುಮ್ನೆ ಫೈಲ್ ಊದುತ್ತದೆ. ದೊಡ್ಡದು ಮಾಡಿ ತೋರಿಸುವ ಕೆಲಸ ಟಿವಿಯೇ ಮಾಡುತ್ತದೆ. ಡೈಮೆನ್ಷನ್ಸ್ ಪುಟದಲ್ಲಿ ಅನಾಮಾರ್ಫಿಕ್ ಎಂಬುದು ಆಟೊಮ್ಯಾಟಿಕ್ ಆಗಿರಲಿ. ಡಿವಿಡಿಯ ಚುಕ್ಕಿಗಳು ನಿಜವಾದ ಚೌಕ ಅಲ್ಲ, ತೋರಿಸುವಾಗ ಅವನ್ನು 4:3 ಅಥವಾ 16:9ಕ್ಕೆ ಹಿಗ್ಗಿಸಬೇಕು. ಈ ಲೆಕ್ಕ ತಪ್ಪಿದರೆ ಮದುಮಗಳು ಒಣಗಿ ಉದ್ದವಾಗುತ್ತಾಳೆ, ಇಲ್ಲವೇ ಎಲ್ಲರೂ ಅಗಲ ಆಗುತ್ತಾರೆ. ತಟ್ಟೆ, ಆರತಿಯ ಹರಿವಾಣದಂತಹ ದುಂಡಗಿನ ವಸ್ತುವನ್ನು ನೋಡಿ. ಅದು ದುಂಡಗೇ ಕಂಡರೆ ಲೆಕ್ಕ ಸರಿ.

ಇಡೀ ವಿಡಿಯೊ ಹಾಕುವ ಮೊದಲು ಒಂದೇ ನಿಮಿಷ ಮಾಡಿ ನೋಡಿ. ರೇಂಜ್ ಎಂಬಲ್ಲಿ ಸೆಕೆಂಡ್ಸ್ ಆರಿಸಿ, 600ರಿಂದ 660 ಎಂದು ಕೊಡಿ. ಆ ಒಂದು ನಿಮಿಷವನ್ನು ಪೆನ್‌ಡ್ರೈವ್‌ಗೆ ಹಾಕಿ ನಿಮ್ಮ ಟಿವಿಯಲ್ಲೇ ನೋಡಿ, ಮನೆಯವರಿಗೂ ತೋರಿಸಿ. ಎಲ್ಲರಿಗೂ ಸರಿ ಅನ್ನಿಸಿದರೆ ಉಳಿದದ್ದನ್ನೆಲ್ಲ ಕ್ಯೂಗೆ ಸೇರಿಸಿ ರಾತ್ರಿ ಬಿಟ್ಟು ಮಲಗಿ. ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಇಡಬೇಡಿ, ಇಷ್ಟು ಹೊತ್ತು ಪ್ರೊಸೆಸರ್ ಪೂರ್ತಿ ಬಿಸಿಯಾಗಿ ಓಡುತ್ತದೆ, ಗಾಳಿ ಆಡಬೇಕು. ಕರೆಂಟ್ ಹೋಗುವ ಊರಾದರೆ ಇನ್ನೊಂದು ಮಾತು. ಎಂಪಿ4 ಡಬ್ಬಿಯ ವಿಷಯಸೂಚಿಯನ್ನು ಎಲ್ಲ ಮುಗಿದ ಮೇಲೆ ಕೊನೆಗೆ ಬರೆಯುತ್ತಾರೆ. ಮಧ್ಯದಲ್ಲಿ ಕಂಪ್ಯೂಟರ್ ಆರಿದರೆ ಮೂರು ಜಿಬಿ ಬರೆದಿದ್ದರೂ ಫೈಲ್ ತೆರೆಯುವುದಿಲ್ಲ. ಮತ್ತೆ ಮೊದಲಿಂದ ಮಾಡಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇದ್ದಾಗ ಮಾತ್ರ ರಾತ್ರಿ ಹಚ್ಚಿ.

ಹ್ಯಾಂಡ್‌ಬ್ರೇಕಿನಲ್ಲಿ ಎನ್‌ವೆಂಕ್, ಕ್ವಿಕ್‌ಸಿಂಕ್ ಎಂಬ ಹೆಸರುಗಳೂ ಕಾಣುತ್ತವೆ. ಗ್ರಾಫಿಕ್ಸ್ ಚಿಪ್ಪಿನಿಂದ ಎನ್‌ಕೋಡ್ ಮಾಡಿಸುವ ದಾರಿ ಅದು. ಬಹಳ ವೇಗ, ಆದರೆ ಅದೇ ಗಾತ್ರಕ್ಕೆ ಚಿತ್ರ ಸ್ವಲ್ಪ ಕೆಳಗೆ. ಉಳಿಸಿಕೊಳ್ಳಬೇಕಾದ ಮದುವೆಗೆ ನಿಧಾನದ ದಾರಿಯೇ ಇರಲಿ.

ಈಗ ಹೊಸ ಫೋನಿನ ವಿಡಿಯೊ. ವಿಎಲ್‌ಸಿಯಲ್ಲಿ ಎಚ್‌ಇವಿಸಿ ಅಂತ ಬಂತು ಅಂದುಕೊಳ್ಳೋಣ. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ, ಅದೇ ಉತ್ತಮ ಪ್ರತಿ. ಟಿವಿಗೆ ಬೇಕಾದದ್ದನ್ನು ಮಾತ್ರ ಹ್ಯಾಂಡ್‌ಬ್ರೇಕಿನಲ್ಲಿ ಎಚ್.264, 1080ಪಿ, ಆರ್‌ಎಫ್ 20ರಿಂದ 22 ಇಟ್ಟು ಮಾಡಿ. ಎಚ್.264 ಜಾಸ್ತಿ ಜಾಗ ಕೇಳುವುದರಿಂದ ಅಳತೆ ಹಾಗೇ ಇಟ್ಟರೆ ಫೈಲ್ ಮೂಲಕ್ಕಿಂತ ದೊಡ್ಡದೂ ಆಗಬಹುದು, ಏನೋ ತಪ್ಪಾಯಿತು ಅಂದುಕೊಳ್ಳಬೇಡಿ. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟನ್ನು ಏರಿಳಿಸುತ್ತವೆ. ಮುಂದೆ ಎಡಿಟ್ ಮಾಡುವ ಆಸೆ ಇದ್ದರೆ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಇಲ್ಲದಿದ್ದರೆ ದನಿ ಹಿಂದುಮುಂದು ಆಗುತ್ತದೆ.

ಇನ್ನು ಮುಂದೆ ತೆಗೆಯುವ ವಿಡಿಯೊಗಳಿಗೆ ಈ ಕಾಟವೇ ಬೇಡ ಅಂದರೆ ಫೋನಿನಲ್ಲೇ ಬದಲಿಸಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಎಚ್.264ರಲ್ಲಿ ತೆಗೆಯುತ್ತದೆ. ತೀರಾ ದೊಡ್ಡ 4ಕೆ ಅಳತೆ, ಜಾಸ್ತಿ ಫ್ರೇಮ್ ರೇಟ್ ಇದ್ದರೆ ಮಾತ್ರ ಅದು ಎಚ್‌ಇವಿಸಿಯನ್ನೇ ಬಳಸುತ್ತದೆ. ಆಂಡ್ರಾಯ್ಡ್ ಫೋನುಗಳ ಕ್ಯಾಮೆರಾ ಸೆಟ್ಟಿಂಗಿನಲ್ಲೂ ಹೈ ಎಫಿಷಿಯೆನ್ಸಿ ವಿಡಿಯೊ ಅಥವಾ ಅದೇ ಅರ್ಥದ ಸಾಲು ಇರುತ್ತದೆ, ಅದನ್ನು ಆಫ್ ಮಾಡಿಬಿಡಿ. ಬೆಳಕು-ನೆರಳಿನ ವ್ಯತ್ಯಾಸವನ್ನು ಹೆಚ್ಚಾಗಿ ತೋರಿಸುವ ಎಚ್‌ಡಿಆರ್ ವಿಡಿಯೊ ಎಂಬುದಿದ್ದರೆ ಅದನ್ನೂ ಆಫ್ ಮಾಡಿ. ಎಚ್‌ಡಿಆರ್‌ನಲ್ಲಿ ತೆಗೆದದ್ದನ್ನು ಸಾಧಾರಣ ಟಿವಿಗೆ ಬದಲಿಸುವಾಗ ಬಣ್ಣ ತೊಳೆದ ಹಾಗೆ ಮಂಕಾಗುವುದುಂಟು.

ಕೆಲವು ಫೈಲುಗಳಿಗೆ ಬರೀ ಡಬ್ಬಿ ಬದಲಿಸಿದರೆ ಸಾಕು. ಎಂಕೆವಿ ಅಥವಾ ಎಂಒವಿ ಒಳಗೆ ಎಚ್.264 ಮತ್ತು ಎಎಸಿ ಇದ್ದರೆ, ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಫೈಲುಗಳಿದ್ದರೆ, ಹ್ಯಾಂಡ್‌ಬ್ರೇಕ್ ಬೇಡ. ಅವಿಡೆಮಕ್ಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆಯಿರಿ. ಎಡಗಡೆ ವಿಡಿಯೊ ಔಟ್‌ಪುಟ್ ಕಾಪಿ, ಆಡಿಯೊ ಔಟ್‌ಪುಟ್ ಕಾಪಿ, ಅದರ ಕೆಳಗೆ ಎಂಪಿ4 ಮಕ್ಸರ್ ಆರಿಸಿ ಸೇವ್ ಮಾಡಿ. ಗಂಟೆಯ ವಿಡಿಯೊ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಗಿರುತ್ತದೆ.

3ಜಿಪಿ ಫೈಲುಗಳು ಪಾಪ, ಬಹಳ ಚಿಕ್ಕವು. ಎಷ್ಟೋ ಸಲ 176×144 ಚುಕ್ಕಿಗಳು, ಎಚ್.263 ಚಿತ್ರ, ಫೋನ್ ಕರೆಗೆಂದೇ ಮಾಡಿದ ಎಎಂಆರ್ ಶಬ್ದ. ಅವನ್ನು ಚೆನ್ನಾಗಿ ಮಾಡಲು ಆಗದು, ಕೆಡಿಸದೆ ಇರಬಹುದು. ಆರ್‌ಎಫ್ 16 ಅಥವಾ 18 ಇಡಿ, ಅಳತೆ ಇದ್ದ ಹಾಗೇ ಇರಲಿ, ಶಬ್ದ ಎಎಸಿ. ನೂರು ಫೈಲಿದ್ದರೆ ಫೋಲ್ಡರನ್ನೇ ಹ್ಯಾಂಡ್‌ಬ್ರೇಕಿಗೆ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಕ್ಯೂಗೆ ಸೇರಿಸಬಹುದು. ಬದಲಿಸಿದ ಫೈಲಿಗೆ ಇವತ್ತಿನ ತಾರೀಕು ಬೀಳುತ್ತದೆ, ಮಗಳ ಮೊದಲ ಹೆಜ್ಜೆ ಗ್ಯಾಲರಿಯಲ್ಲಿ ಈ ವರ್ಷದ ಸಾಲಿಗೆ ಹೋಗಿ ಕೂರುತ್ತದೆ. ಆದ್ದರಿಂದ ಫೈಲಿನ ಹೆಸರಿನಲ್ಲೇ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಬರೆದುಬಿಡಿ.

ನೀವು ಹಾಕಿದ ಆ ಕನ್ವರ್ಟರನ್ನು ತೆಗೆದುಹಾಕಿ. ನಡುವೆ ಹೆಸರು ಬರೆಯುವುದು ದುಡ್ಡು ಕೊಡಲಿ ಅಂತ. ಫೈಲ್ ಅಪ್‌ಲೋಡ್ ಮಾಡಿಸಿಕೊಂಡು ಬದಲಿಸಿ ಕೊಡುವ ಜಾಲತಾಣಗಳೂ ಬೇಡ. ಮನೆಯವರ ವಿಡಿಯೊ ಯಾರ ಕಂಪ್ಯೂಟರಿಗೆ ಹೋಗಿ ಕೂರುತ್ತದೋ ಗೊತ್ತಾಗುವುದಿಲ್ಲ. ಅಂಥ ಉಚಿತ ತಾಣಗಳ ಮೂಲಕ ವೈರಸ್ ಹರಡುತ್ತಿದ್ದಾರೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚಿನಲ್ಲಿ ಎಚ್ಚರಿಸಿತ್ತು. ನಾನು ಹೇಳಿದ ನಾಲ್ಕು ಸಾಫ್ಟ್‌ವೇರ್‌ಗಳನ್ನೂ ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲುಗಡೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಹೆಸರು ಒಂದೇ ಇಟ್ಟುಕೊಂಡ ನಕಲಿಗಳಿವೆ.

ಎಲ್ಲ ಆದಮೇಲೆ ಮೂಲವನ್ನು ಎರಡು ಕಡೆ ಇಡಿ. 1 ಟಿಬಿಯ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿದ ಡಿವಿಡಿಗಳು ಇನ್ನೂರಕ್ಕೂ ಹೆಚ್ಚು ಹಿಡಿಯುತ್ತವೆ, ನಿಮ್ಮದು ಎರಡೇ. ಒಂದು ಹಾರ್ಡ್ ಡಿಸ್ಕ್ ನಿಮ್ಮಲ್ಲಿರಲಿ, ಇನ್ನೊಂದು ತಮ್ಮನ ಮನೆಯಲ್ಲೋ ತವರಿನಲ್ಲೋ ಇರಲಿ. ಡಿವಿಡಿಗಳನ್ನು ಅವುಗಳ ಡಬ್ಬಿಯಲ್ಲೇ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಪಾಟಿನಲ್ಲಿ ಇಡಿ.

ಮಗಳಿಗೆ ಕಳಿಸುವುದು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೊಮ್ಮೆ ಕುಗ್ಗಿಸುತ್ತದೆ, ನೀವು ರಾತ್ರಿಯೆಲ್ಲ ಮಾಡಿದ ಕೆಲಸ ಹೋಗುತ್ತದೆ. ಅಟ್ಯಾಚ್ ಗುರುತು ಒತ್ತಿ ಡಾಕ್ಯುಮೆಂಟ್ ಆರಿಸಿ, ಅದರಿಂದ ಫೈಲ್ ತೆಗೆದುಕೊಳ್ಳಿ. ಆಗ ಇದ್ದ ಹಾಗೇ ಹೋಗುತ್ತದೆ, 2 ಜಿಬಿವರೆಗೆ. ನಿಮ್ಮ ಒಂದೊಂದು ಡಿಸ್ಕು ಬಾಬ್ ಹಾಕಿ ಮಾಡಿದರೆ ಅದನ್ನು ಮೀರಬಹುದು. ಆಗ ಅದೇ ಎಂಪಿ4ಅನ್ನು ಅವಿಡೆಮಕ್ಸ್‌ನಲ್ಲಿ ತೆರೆಯಿರಿ. ಎರಡೂ ಕಡೆ ಕಾಪಿ ಇರಲಿ, ಎಂಪಿ4 ಮಕ್ಸರ್ ಇರಲಿ. ಓಲಗ ಜೋರಾಗುವ ಜಾಗಕ್ಕಿಂತ ಸ್ವಲ್ಪ ಹಿಂದೆ ಎ ಗುರುತು ಹಾಕಿ, ಅಕ್ಷತೆ ಮುಗಿದ ಮೇಲೆ ಬಿ ಗುರುತು ಹಾಕಿ, ಸೇವ್ ಮಾಡಿ. ಕಾಪಿ ರೀತಿಯಲ್ಲಿ ಕತ್ತರಿಸುವಾಗ ಶುರು ಮಾತ್ರ ಕೀಫ್ರೇಮ್ ಎಂಬ ಪೂರ್ತಿ ಚಿತ್ರದ ಮೇಲೇ ಬೀಳಬೇಕು. ಮೇಲಿನ ಮತ್ತು ಕೆಳಗಿನ ಬಾಣದ ಕೀಲಿ ಒತ್ತಿದರೆ ಒಂದು ಕೀಫ್ರೇಮಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಹೀಗೆ ಕತ್ತರಿಸಿದ ತುಂಡನ್ನು ಇವತ್ತು ಕಳಿಸಿ, ಉಳಿದದ್ದನ್ನು ಇದೇ ಥರ ತುಂಡು ಮಾಡಿ ಒಂದೊಂದಾಗಿ ಕಳಿಸಬಹುದು. ಆಕೆ ರಜೆಗೆ ಬಂದಾಗ ಮೂಲವನ್ನೇ ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಡಿ, ಅದು ನಿಮ್ಮ ಮೂರನೇ ಪ್ರತಿ.